ಅಂತರ ಕಾಯ್ದು ನೋಡುವುದು: ಆಲ್ಪ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಡುಪ್ರಾಣಿ ವೀಕ್ಷಣೆ



ಈ ದತ್ತಿ ಉಪನ್ಯಾಸದ ವಿಷಯವನ್ನು ನಾನೇ ಆರಿಸಿಕೊಳ್ಳಬಹುದೆಂದು ಸಂಘಟಕರು ತಿಳಿಸಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನು ನಾನು. ನಮ್ಮ ಕಾಡಿನ ಆನೆಯನ್ನೋ ಹುಲಿಯನ್ನೋ ಕುರಿತು ಮಾತಾಡುತ್ತೇನೆಂದು ತಾವು ಊಹಿಸಿರಬಹುದು. ಆದರೆ ಇಂದು ತಮ್ಮನ್ನು ಯುರೋಪಿನ ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ಯುತ್ತಿದ್ದೇನೆ. ನನ್ನ ಮಗಳು ಇಟಲಿಯ ಟುರಿನ್ ನಗರದಲ್ಲಿ ಓದುತ್ತಿದ್ದಾಗ ಎರಡು ಬೇಸಿಗೆ ಆ ಬೆಟ್ಟಗಳಲ್ಲಿ ನಡೆಯುವ ಅವಕಾಶ ನನಗೆ ಸಿಕ್ಕಿತು. ಅಲ್ಲಿ ಕಂಡದ್ದು ಮತ್ತು ಆಮೇಲೆ ಓದಿ ತಿಳಿದದ್ದು ಸೇರಿ, ಪ್ರಾಣಿಗಳನ್ನು ನೋಡುವ ನನ್ನ ಕ್ರಮವೇ ಬದಲಾಯಿತು. ಅದನ್ನು ತಮ್ಮ ಮುಂದೆ ಇಡಬೇಕೆಂಬುದು ನನ್ನ ಆಸೆ.

ಆಲ್ಪ್ಸ್ ದೊಡ್ಡ ಶ್ರೇಣಿ. ಫ್ರಾನ್ಸಿನಿಂದ ಸ್ಲೊವೇನಿಯಾದವರೆಗೆ ಹಬ್ಬಿರುವ ಆ ಸಾಲಿನಲ್ಲಿ ಹತ್ತಾರು ರಕ್ಷಿತ ಪ್ರದೇಶಗಳಿವೆ. ಅವೆಲ್ಲವನ್ನೂ ಈ ಒಂದು ಗಂಟೆಯಲ್ಲಿ ಮುಟ್ಟುವುದು ಆಗದ ಮಾತು. ಮುಖ್ಯವಾಗಿ ಇಟಲಿಯ ಗ್ರಾನ್ ಪಾರಾದೀಸೊ ಮತ್ತು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನ, ಈ ಎರಡರಲ್ಲೇ ನಿಲ್ಲುತ್ತೇನೆ. ಮೊದಲು ಒಂದು ಕಾಡುಮೇಕೆ ಬದುಕುಳಿದ ಕಥೆ. ಆಮೇಲೆ, ಬೆಟ್ಟದಲ್ಲಿ ಪ್ರಾಣಿಯನ್ನು ನೋಡುವುದು ಹೇಗೆ ಎಂಬ ಮಾತು. ಮೂರನೆಯದು, ನೋಡುವವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಕೊನೆಯಲ್ಲಿ ನಮ್ಮ ಬಂಡೀಪುರಕ್ಕೆ ಮರಳುತ್ತೇನೆ.

ಒಂದು ಬೆಳಗಿನಿಂದ ಶುರುಮಾಡುತ್ತೇನೆ. ಗ್ರಾನ್ ಪಾರಾದೀಸೊದ ಉತ್ತರ ಮಗ್ಗುಲಲ್ಲಿ ಕೋನ್ಯೆ ಎಂಬ ಊರಿದೆ. ಅಲ್ಲಿಗೆ ಹತ್ತಿರದ ವಾಲ್ನೊಂತೇ ಹಳ್ಳಿಯಿಂದ ಲೋಸೋನ್ ಎಂಬ ಜಾಗಕ್ಕೆ ಸುಮಾರು ಒಂಬೈನೂರು ಮೀಟರ್ ಏರು. ಮೇಲೆ, 2,588 ಮೀಟರ್ ಎತ್ತರದಲ್ಲಿ, ವಿಟ್ಟೋರಿಯೊ ಸೆಲ್ಲಾ ಎಂಬ ಪರ್ವತ ಛಾಯಾಗ್ರಾಹಕನ ಹೆಸರಿನ ತಂಗುಮನೆಯಿದೆ. ಕಾಂಚನಜುಂಗಾ ಮತ್ತು ಕೆ2 ಶಿಖರಗಳನ್ನು ಜಗತ್ತಿಗೆ ತೋರಿಸಿದ ಹಳೆಯ ಚಿತ್ರಗಳಲ್ಲಿ ಹಲವು ಈ ಸೆಲ್ಲಾ ತೆಗೆದವು. ಅಲ್ಲಿ ರಾತ್ರಿ ತಂಗಿ, ಬೆಳಕು ಹರಿಯುವ ಮುಂಚೆ ಹೊರಗೆ ಬಂದೆ. ಚಳಿಗೆ ಕೈ ಮರಗಟ್ಟಿತ್ತು. ಮಂಜು ಕರಗುತ್ತಿದ್ದ ಹುಲ್ಲಿನಲ್ಲಿ, ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಎರಡು ದೊಡ್ಡ ಹೋತಗಳು ಮೇಯುತ್ತಿದ್ದವು. ಒಂದರ ಕೊಂಬು ಹಿಂದಕ್ಕೆ ಬಾಗಿ ಬೆನ್ನಿನ ನಡುವಿನವರೆಗೂ ಬಂದಿತ್ತು. ಅದು ತಲೆ ಎತ್ತಿತು, ನನ್ನನ್ನು ನೋಡಿತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಅದು ಯಾಕೆ ಓಡಲಿಲ್ಲ? ಈ ಒಂದು ಪ್ರಶ್ನೆಯೇ ಇಂದಿನ ನನ್ನ ಉಪನ್ಯಾಸದ ಬೀಜ.

ಆ ಪ್ರಾಣಿ ಆಲ್ಪ್ಸ್‌ನ ಐಬೆಕ್ಸ್. ನಮ್ಮ ಮೇಕೆಗೆ ಹತ್ತಿರದ ಸಂಬಂಧಿ. ಬೆಳೆದ ಗಂಡು ನೂರು ಕಿಲೋವರೆಗೆ ತೂಗುತ್ತದೆ. ಅದರ ಕೊಂಬು ಒಂದು ಮೀಟರ್ ಮುಟ್ಟಬಹುದು. ಹೆಣ್ಣಿನ ಕೊಂಬು ಅದರ ಮೂರನೆಯ ಒಂದು ಪಾಲು. ಒಂದು ಕಾಲದಲ್ಲಿ ಆಲ್ಪ್ಸ್‌ನ ಉದ್ದಕ್ಕೂ ಇದ್ದ ಈ ಪ್ರಾಣಿ, ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಒಂದೇ ಒಂದು ಬೆಟ್ಟದ ಗುಂಪಿನಲ್ಲಿ ಸುಮಾರು ನೂರು ಮಾತ್ರ ಉಳಿದಿತ್ತು. ಆ ಬೆಟ್ಟಗಳೇ ಇಂದಿನ ಗ್ರಾನ್ ಪಾರಾದೀಸೊ.

ಇದನ್ನು ಕೊಂದದ್ದು ಹಸಿವು ಮಾತ್ರವಲ್ಲ, ನಂಬಿಕೆಯೂ ಹೌದು. ಐಬೆಕ್ಸ್‌ನ ಮೈಯಲ್ಲಿ ಔಷಧವಲ್ಲದ ಭಾಗವೇ ಇಲ್ಲವೆಂದು ಆಲ್ಪ್ಸ್‌ನ ಜನ ನಂಬಿದ್ದರು. ಕೊಂಬನ್ನು ತೇದು ಕುಡಿದರೆ ಒಂದು ಕಾಯಿಲೆ ವಾಸಿ, ರಕ್ತಕ್ಕೆ ಇನ್ನೊಂದು. ಮುದಿ ಪ್ರಾಣಿಯ ಹೃದಯದಲ್ಲಿ ಮೃದ್ವಸ್ಥಿ ಗಟ್ಟಿಯಾಗಿ ಶಿಲುಬೆಯಾಕಾರದ ಪುಟ್ಟ ಎಲುಬಾಗುತ್ತದೆ. ಅದನ್ನು ಕೊರಳಿಗೆ ಕಟ್ಟಿಕೊಂಡರೆ ಅಪಮೃತ್ಯು ಬಾರದೆಂಬ ನಂಬಿಕೆಯಿತ್ತು. ಹುಲಿಯುಗುರಿನ ಪದಕವನ್ನು ಮಕ್ಕಳ ಕೊರಳಲ್ಲಿ ಕಂಡ ನಾವು ಇದನ್ನು ಅಲ್ಲಿಯವರ ಮೌಢ್ಯವೆಂದು ದೂರವಿಡುವಂತಿಲ್ಲ. ಒಂದು ಪ್ರಾಣಿಗೆ ಶಕ್ತಿಯಿದೆ ಎಂದು ಗೌರವಿಸುವುದು, ಆ ಶಕ್ತಿ ತನಗೆ ಬೇಕೆಂದು ಅದನ್ನೇ ಕೊಲ್ಲುವುದು, ಇವೆರಡೂ ಒಂದೇ ಮನೆಯಲ್ಲಿ ಬೆಳೆಯುತ್ತವೆ.

1821ರಲ್ಲಿ, ಆಗ ಈ ಬೆಟ್ಟಗಳನ್ನು ಆಳುತ್ತಿದ್ದ ಸಾರ್ಡೀನಿಯಾ ರಾಜ್ಯದ ದೊರೆ ಐಬೆಕ್ಸ್ ಬೇಟೆಯನ್ನು ನಿಷೇಧಿಸಿದ. 1856ರಲ್ಲಿ ಎರಡನೆಯ ವಿಕ್ಟರ್ ಇಮ್ಯಾನುಯೆಲ್ ಈ ಬೆಟ್ಟಗಳನ್ನು ತನ್ನ ಖಾಸಗಿ ಬೇಟೆಯ ಕಾಡೆಂದು ಘೋಷಿಸಿದ. ಈತನೇ ಮುಂದೆ ಒಗ್ಗೂಡಿದ ಇಟಲಿಯ ಮೊದಲ ರಾಜನಾದವನು. ಬೇರೆ ಯಾರೂ ಕೊಲ್ಲಬಾರದು, ತಾನು ಮಾತ್ರ ಬೇಟೆಯಾಡಬೇಕು ಎಂಬುದು ಅವನ ಲೆಕ್ಕ. ಕಾವಲಿಗೆ ನೇಮಿಸಿದವರಲ್ಲಿ ಅದೇ ಕಣಿವೆಗಳ ಕಳ್ಳಬೇಟೆಗಾರರೂ ಇದ್ದರು. ಪ್ರಾಣಿಯ ಜಾಡು ಅವರಿಗಿಂತ ಚೆನ್ನಾಗಿ ತಿಳಿದವರು ಇನ್ನು ಯಾರಿದ್ದರು? ರಾಜನ ಸವಾರಿಗಾಗಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಹೇಸರಗತ್ತೆಯ ದಾರಿಗಳನ್ನು ಕಡಿದರು. ಕಡಿದಾದ ಇಳಿಜಾರಿನಲ್ಲೂ ಹದವಾದ ಏರಿನಲ್ಲಿ ಸುತ್ತಿ ಸುತ್ತಿ ಹೋಗುವ ಕಲ್ಲುಹಾಸಿನ ದಾರಿಗಳು ಅವು. ನಾನು ಲೋಸೋನಿಗೆ ಹತ್ತಿದ್ದು ಅಂಥದೊಂದು ದಾರಿಯಲ್ಲೇ. ಆ ತಂಗುಮನೆ ಇರುವುದೂ ರಾಜನ ಬೇಟೆಮನೆಯ ಜಾಗದಲ್ಲೇ. ಬೇಟೆಯ ದಿನ ನೂರಾರು ಹಳ್ಳಿಗರು ಪ್ರಾಣಿಗಳನ್ನು ಸೋವಿ, ರಾಜ ಕೂತಿದ್ದ ಕಲ್ಲಿನ ಮರೆಯ ಕಡೆಗೆ ಅಟ್ಟುತ್ತಿದ್ದರು. ಕಾಕನಕೋಟೆಯ ಖೆಡ್ಡಾದ ಬಗ್ಗೆ ಓದಿದವರಿಗೆ, ಕೇಳಿದವರಿಗೆ, ಈ ಸೋವಿನ ಚಿತ್ರ ಹೊಸದೇನಲ್ಲ. ಆವೋಸ್ತಾ ಪಟ್ಟಣದ ಬಳಿಯ ಸಾರ್ ಕೋಟೆಯಲ್ಲಿ ಇಂದಿಗೂ ಗೋಡೆ, ಚಾವಣಿಗಳನ್ನೆಲ್ಲ ಸಾವಿರಾರು ಕೊಂಬುಗಳಿಂದ ಅಲಂಕರಿಸಿದ ಕೋಣೆಗಳಿವೆ. ಅಲ್ಲಿ ನಿಂತಾಗ ನನಗೆ ಉಸಿರು ಕಟ್ಟಿದಂತಾಯಿತು.

ಆದರೂ ಸತ್ಯವನ್ನು ಸತ್ಯವೆಂದೇ ಹೇಳಬೇಕು. ಆ ರಾಜನ ಸ್ವಾರ್ಥ ಇಲ್ಲದಿದ್ದರೆ ಐಬೆಕ್ಸ್ ಇಂದು ಬರೀ ವಸ್ತುಸಂಗ್ರಹಾಲಯದ ಪ್ರಾಣಿಯಾಗಿರುತ್ತಿತ್ತು. ಅವನ ಮೊಮ್ಮಗ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಮೊದಲ ಮಹಾಯುದ್ಧದ ನಂತರ ತನ್ನ ಪಾಲಿನ 2,100 ಹೆಕ್ಟೇರ್ ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ. 1922ರ ಡಿಸೆಂಬರ್ 3ರಂದು ಗ್ರಾನ್ ಪಾರಾದೀಸೊ ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅದರ ವಿಸ್ತಾರ ಏಳುನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು.

ಘೋಷಣೆಯಿಂದ ಪ್ರಾಣಿ ಉಳಿಯಿತೆಂದು ಯಾರೂ ತಿಳಿಯಬಾರದು. 1930ರ ದಶಕದಲ್ಲಿ ಫ್ಯಾಸಿಸ್ಟ್ ಆಡಳಿತ ಉದ್ಯಾನದ ಕಾವಲನ್ನು ಕಣಿವೆಯ ಅನುಭವಸ್ಥರಿಂದ ಕಿತ್ತು ಅರೆಸೇನಾ ಪಡೆಯ ಕೈಗೆ ಕೊಟ್ಟಿತು. ಅದರ ಮೇಲೆ ಯುದ್ಧ ಬಂತು. 1945ರಲ್ಲಿ ಎಣಿಸಿದಾಗ ಸಿಕ್ಕ ಐಬೆಕ್ಸ್‌ಗಳು 416. ಆಗ ಹೊಣೆ ಹೊತ್ತವರು ರೆನ್ಸೊ ವಿದೆಸೊಟ್. ಪಶುವೈದ್ಯರು, ನುರಿತ ಪರ್ವತಾರೋಹಿ. ಸ್ಥಳೀಯ ಕಾವಲುಗಾರರನ್ನು ಮತ್ತೆ ಕಟ್ಟಿ, ಸುಮಾರು ಕಾಲು ಶತಮಾನ ಉದ್ಯಾನವನ್ನು ನಡೆಸಿದರು. ಐಬೆಕ್ಸ್ ಎರಡು ಸಲ ಅಳಿವಿನ ಅಂಚಿಗೆ ಹೋಗಿ ಬಂದಿದೆ. ಎರಡನೆಯ ಸಲ ಅದನ್ನು ಹಿಂದಕ್ಕೆಳೆದವರು ಸಂಬಳಕ್ಕೆ ದುಡಿಯುವ, ಹಿಮದಲ್ಲಿ ಗಸ್ತು ತಿರುಗುವ ಗಾರ್ಡುಗಳು.

ಇಲ್ಲೊಂದು ಉಪಕಥೆ ಹೇಳಿ ಮುಂದೆ ಹೋಗುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಐಬೆಕ್ಸ್ ಪೂರ್ತಿ ನಿರ್ನಾಮವಾಗಿತ್ತು. ತಮ್ಮ ಬೆಟ್ಟಗಳಿಗೆ ಅದನ್ನು ಮರಳಿ ತರಲು ಸ್ವಿಸ್ಸರು ಬಯಸಿದರು. ಇಟಲಿಯ ರಾಜ ಕೊಡಲಿಲ್ಲ. ಕೊನೆಗೆ ಕಳ್ಳಬೇಟೆಗಾರರ ಮೂಲಕ ಎಳೆಮರಿಗಳನ್ನು ಕದ್ದು ತರಿಸಿಕೊಂಡು, 1906ರಿಂದ ಸಾಂಕ್ಟ್ ಗಾಲೆನ್ ಪಟ್ಟಣದ ಪ್ರಾಣಿವನದಲ್ಲಿ ಸಾಕಿದರು. ಅವುಗಳ ಸಂತಾನವನ್ನು 1911ರಲ್ಲಿ ಮೊದಲ ಬಾರಿಗೆ ಬೆಟ್ಟಕ್ಕೆ ಬಿಟ್ಟರು. ಇಂದು ಇಡೀ ಆಲ್ಪ್ಸ್‌ನಲ್ಲಿ ಸುಮಾರು 50,000 ಐಬೆಕ್ಸ್‌ಗಳಿವೆ. ಎಲ್ಲದರ ಬೇರು ಒಂದೇ, ಗ್ರಾನ್ ಪಾರಾದೀಸೊದ ಆ ನೂರು ಪ್ರಾಣಿ. ಅದರಿಂದಾಗಿ ಅವುಗಳ ವಂಶವಾಹಿಗಳಲ್ಲಿ ವೈವಿಧ್ಯ ತೀರ ಕಡಿಮೆ. ಸಂಖ್ಯೆ ಮರಳಿ ಬಂದಿದೆ, ಕಳೆದುಹೋದ ವೈವಿಧ್ಯ ಬಂದಿಲ್ಲ.

ಈಗ ಉಪನ್ಯಾಸದ ಎರಡನೆಯ ಭಾಗ. ಬೆಟ್ಟದಲ್ಲಿ ಪ್ರಾಣಿಯನ್ನು ನೋಡುವುದು ಹೇಗೆ?

ಮೊದಲು ನನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟುಬಿಡುತ್ತೇನೆ. ಐಬೆಕ್ಸ್ ಸ್ವಭಾವತಃ ಓಡುವ ಪ್ರಾಣಿಯಲ್ಲ. ತೋಳ ಬಂದರೆ ಅದು ಬಯಲಲ್ಲಿ ಧಾವಿಸುವುದಿಲ್ಲ, ಹತ್ತಿರದ ಬಂಡೆಯ ಗೋಡೆಗೆ ಏರಿ ಅಲ್ಲಿ ನಿಂತುಬಿಡುತ್ತದೆ. ಅದರ ಗೊರಸಿನ ಅಂಚು ಗಟ್ಟಿ, ಒಳಗಿನ ಮೆತ್ತೆ ಮೃದು. ಬೆರಳಗಲದ ಚಾಚಿನಲ್ಲೂ ಅದು ಊರಿ ನಿಲ್ಲಬಲ್ಲದು. ತೋಳಕ್ಕೆ ಅಲ್ಲಿಗೆ ಹೋಗಲಾಗದು. ಸಾವಿರಾರು ವರ್ಷ ಕಾಪಾಡಿದ ಈ ಉಪಾಯ ಬಂದೂಕಿನ ಮುಂದೆ ಸೋತಿತು. ಬಂಡೆಯ ಮೇಲೆ ಅಲುಗದೆ ನಿಂತ ಪ್ರಾಣಿಗಿಂತ ಸುಲಭದ ಗುರಿ ಬೇರೆ ಯಾವುದು? ಹಾಗಾಗಿ ಹದಿನೈದು ಹೆಜ್ಜೆ ದೂರದಲ್ಲಿ ಮೇಯುವ ಹೋತವನ್ನು ಕಂಡು, ಇದು ನನ್ನನ್ನು ನಂಬಿದೆ ಎಂದು ಉಬ್ಬುವುದು ತಪ್ಪು. ನಿಜವಾದ ಪರೀಕ್ಷೆ ಶಾಮ್ವಾ.

ಶಾಮ್ವಾ ಐಬೆಕ್ಸ್‌ಗಿಂತ ಚಿಕ್ಕದು, ಹಗುರ. ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಸಣ್ಣ ಕೊಂಬು, ಮುಖದ ಮೇಲೆ ಎರಡು ಕಪ್ಪು ಪಟ್ಟೆ. ಇದು ಓಡುವ ಪ್ರಾಣಿ, ಅನುಮಾನದ ಪ್ರಾಣಿ. ಬೇಟೆಗೆ ಅವಕಾಶವಿರುವ ಕಣಿವೆಗಳಲ್ಲಿ ಮನುಷ್ಯನ ಸುಳಿವು ಸಿಕ್ಕರೆ ಸಾಕು, ಇಡೀ ಹಿಂಡು ಗುಡ್ಡದಾಚೆ ಮರೆಯಾಗುತ್ತದೆ. ಉದ್ಯಾನದೊಳಗೆ, ಜನ ದಿನವೂ ಓಡಾಡುವ ದಾರಿಯಿಂದ ಕೂಗಳತೆಯಲ್ಲಿ, ಅದೇ ಶಾಮ್ವಾ ಮರಿಗೆ ಹಾಲೂಡಿಸುತ್ತ ನಿಂತದ್ದನ್ನು ನಾನು ಕಂಡೆ. ನಾನು ಒಂದು ಹೂವಿನ ಚಿತ್ರಕ್ಕಾಗಿ ದಾರಿ ಬಿಟ್ಟು ನಾಲ್ಕು ಹೆಜ್ಜೆ ಹುಲ್ಲಿಗೆ ಇಳಿದ ಕ್ಷಣ ಅದು ಸೀಟಿಯಂಥ ಸದ್ದು ಮಾಡಿ ಮೇಲಕ್ಕೆ ಜಿಗಿಯಿತು. ಮರಿ ಅದರ ಹಿಂದೆ. ಅಂತರ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾದದ್ದು ನನ್ನ ನಡೆ. ದಾರಿಯಲ್ಲಿ ನಡೆಯುವ ಮನುಷ್ಯ ಏನು ಮಾಡುತ್ತಾನೆಂದು ಅದಕ್ಕೆ ಗೊತ್ತು. ದಾರಿ ಬಿಟ್ಟವನು ಏನು ಮಾಡುತ್ತಾನೋ ಗೊತ್ತಿಲ್ಲ. ಆ ತಪ್ಪು ನನ್ನದು. ಇಷ್ಟು ವರ್ಷವಾದರೂ ಆ ಮರಿ ಎಡವುತ್ತ ಹತ್ತಿದ್ದು ಕಣ್ಣ ಮುಂದಿದೆ.

ನೋಡುವ ವಿದ್ಯೆಯ ಮೂಲ ಸಂಗತಿಗಳು ಕೆಲವೇ. ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ. ನಡುಹಗಲಲ್ಲಿ ಪ್ರಾಣಿಗಳು ತಂಪಾದ ಬಂಡೆಯ ನೆರಳಲ್ಲೋ, ಕರಗದೆ ಉಳಿದ ಹಿಮದ ತೇಪೆಯ ಮೇಲೋ ಮಲಗಿ ಮೆಲುಕು ಹಾಕುತ್ತವೆ. ವಸಂತದಲ್ಲಿ ಎಳೆಹುಲ್ಲು ಮೊದಲು ಚಿಗುರುವುದು ಕಣಿವೆಯ ತಳದಲ್ಲಿ. ಆಗ ಐಬೆಕ್ಸ್ ಹೋತಗಳು ಹಳ್ಳಿಯ ಅಂಚಿನ ಹುಲ್ಲುಗಾವಲಿಗೇ ಇಳಿಯುತ್ತವೆ. ಹಿಮ ಹಿಂದೆ ಸರಿದಂತೆ ಅವೂ ಮೇಲೇರುತ್ತವೆ. ಮೇಲಿನಿಂದ ಬರುವ ಮನುಷ್ಯನಿಗೆ ಕೆಳಗಿನಿಂದ ಬರುವವನಿಗಿಂತ ಹೆಚ್ಚು ಹೆದರುತ್ತವೆ, ಏಕೆಂದರೆ ಅವುಗಳ ತಪ್ಪಿಸಿಕೊಳ್ಳುವ ದಾರಿ ಮೇಲಕ್ಕಿದೆ. ಆ ದಾರಿಗೆ ನಾವು ಅಡ್ಡ ನಿಲ್ಲಬಾರದು. ಒಳ್ಳೆಯ ಬೈನಾಕ್ಯುಲರ್ ಒಂದಿದ್ದರೆ ಸಾಕು, ಅದಕ್ಕಿಂತ ಮುಖ್ಯ ಕೂರುವ ತಾಳ್ಮೆ. ಮೊದಲ ಅರ್ಧ ಗಂಟೆ ಇಳಿಜಾರು ಬರಿದಾಗಿ ಕಾಣುತ್ತದೆ. ಆಮೇಲೆ ಒಂದು ಕಲ್ಲಿಗೆ ಕಿವಿ ಮೂಡುತ್ತದೆ.

ಕಂಡ ಮೇಲೆ ಏನು ನೋಡಬೇಕು? ಫೋಟೊ ತೆಗೆದು ಮುಂದೆ ಹೋಗುವವರಿಗೆ ಈ ಪ್ರಶ್ನೆ ಬರುವುದಿಲ್ಲ. ಐಬೆಕ್ಸ್‌ನ ಕೊಂಬನ್ನು ನೋಡಿ. ಜಿಂಕೆಯ ಕೊಂಬಿನಂತೆ ಅದು ಉದುರುವುದಿಲ್ಲ, ಬದುಕಿಡೀ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವುದರಿಂದ ವರ್ಷಕ್ಕೊಂದು ಆಳದ ಗೆರೆ ಬೀಳುತ್ತದೆ. ಮುಂಬದಿಯ ಗಂಟುಗಳಲ್ಲ, ಪಕ್ಕದ ಮತ್ತು ಹಿಂಬದಿಯ ಗೆರೆಗಳು ವಯಸ್ಸು ಹೇಳುತ್ತವೆ. ಎರಡು ಗೆರೆಗಳ ನಡುವಿನ ಜಾಗ ಅಗಲವಾಗಿದ್ದರೆ ಆ ವರ್ಷ ಮೇವು ಚೆನ್ನಾಗಿತ್ತು. ಲೋಸೋನಿನ ಆ ಹಿರಿಯ ಹೋತದ ಕೊಂಬಿನಲ್ಲಿ ಬೈನಾಕ್ಯುಲರಿನಿಂದ ಹನ್ನೊಂದು ಚಳಿಗಾಲ ಎಣಿಸಿದೆ. ಮುಗಿಸುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಒಂದೇ ಪ್ರಾಣಿಯನ್ನು ನಾನು ನಮ್ಮ ಕಾಡಿನಲ್ಲಿ ಎಂದೂ ನೋಡಿರಲಿಲ್ಲ.

ಮಾರ್ಮಟ್ ನೋಡುವವರು ಮೊದಲು ಕಿವಿ ತೆರೆದುಕೊಳ್ಳಬೇಕು. ಇದು ಬೆಕ್ಕಿನ ಗಾತ್ರದ, ದಪ್ಪ ಮೈಯ ದಂಶಕ. ಅಳಿಲಿನ ಬಳಗದ್ದು. ಕುಟುಂಬ ಸಮೇತ ಬಿಲದಲ್ಲಿ ವಾಸ. ಹಿಂಗಾಲ ಮೇಲೆ ನೆಟ್ಟಗೆ ನಿಂತು ಕಾವಲು ಕಾಯುತ್ತದೆ. ಸಾಮಾನ್ಯವಾಗಿ ಒಂದೇ ಒಂದು ತೀಕ್ಷ್ಣ ಕೂಗು ಕೇಳಿದರೆ ಅಪಾಯ ಆಕಾಶದಲ್ಲಿದೆ ಎಂದರ್ಥ, ಗೋಲ್ಡನ್ ಈಗಲ್ ಬಂದಿದೆ. ಕೂಗುಗಳ ಸರಣಿ ಕೇಳಿದರೆ ನೆಲದ ಮೇಲೆ ನರಿಯೋ ನಾಯಿಯೋ ಮನುಷ್ಯನೋ ಇದ್ದಾನೆ. ಬೆಟ್ಟದಲ್ಲಿ ಒಂಟಿ ಕೂಗು ಕೇಳಿದಾಗ ನಾವೂ ಮೇಲೆ ನೋಡಬೇಕು, ಹದ್ದು ಕಾಣಿಸುತ್ತದೆ. ಅಕ್ಟೋಬರಿನ ಹೊತ್ತಿಗೆ ಇಡೀ ಕುಟುಂಬ ಬಿಲ ಸೇರಿ, ಒಳಗಿನಿಂದ ಮಣ್ಣು, ಕಲ್ಲು, ಒಣಹುಲ್ಲಿನ ಬಿರಡೆ ಹಾಕಿಕೊಂಡು ಸುಮಾರು ಆರು ತಿಂಗಳು ನಿದ್ದೆ ಮಾಡುತ್ತದೆ. ಮೈಯ ಉಷ್ಣತೆ ಐದಾರು ಡಿಗ್ರಿಗೆ ಇಳಿಯುತ್ತದೆ, ಹೃದಯ ನಿಮಿಷಕ್ಕೆ ಕೆಲವೇ ಬಾರಿ ಬಡಿಯುತ್ತದೆ. ಮರಿಗಳು ದೊಡ್ಡವುಗಳ ನಡುವೆ ಒತ್ತಿಕೊಂಡು ಮಲಗುತ್ತವೆ. ಬೇಸಿಗೆಯ ನಾಲ್ಕೈದು ತಿಂಗಳಲ್ಲಿ ಅದು ಕೂಡಿಟ್ಟುಕೊಳ್ಳುವ ಕೊಬ್ಬಿನ ಮೇಲೆ ಆ ಆರು ತಿಂಗಳ ಬದುಕು ನಿಂತಿದೆ. ಪ್ರವಾಸಿಗರು ಬಿಸ್ಕತ್ತು ಒಡ್ಡಿ ಅದನ್ನು ಬಳಿಗೆ ಕರೆಯುವುದನ್ನು ಕೆಲವೆಡೆ ಕಂಡೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅದು ತಿನ್ನಬೇಕಾದ್ದು ಬೆಟ್ಟದ ಹುಲ್ಲು, ಹೂವು, ಬೇರು. ಅದರ ಕೊಬ್ಬಿನ ಗುಣ ಆ ಸಸ್ಯಗಳಿಂದ ಬರಬೇಕು.

ಮೂರನೆಯ ವಿಷಯಕ್ಕೆ ಬರೋಣ: ನೋಡುವವರ ಕಟ್ಟುಪಾಡು.

ಸ್ವಿಸ್ ರಾಷ್ಟ್ರೀಯ ಉದ್ಯಾನ ದೇಶದ ಪೂರ್ವದ ಮೂಲೆಯಲ್ಲಿ, ಜೆರ್ನೆಟ್ಸ್ ಎಂಬ ಹಳ್ಳಿಯ ಸುತ್ತ ಇದೆ. ವಿಸ್ತಾರ 170 ಚದರ ಕಿಲೋಮೀಟರ್, ನಮ್ಮ ಬಂಡೀಪುರದ ಐದನೆಯ ಒಂದು ಪಾಲು. ಅದು ಆರಂಭವಾದದ್ದು 1914ರ ಆಗಸ್ಟ್ 1ರಂದು. ಯುರೋಪು ಮಹಾಯುದ್ಧಕ್ಕೆ ಧುಮುಕುತ್ತಿದ್ದ ಅದೇ ವಾರ ಒಂದು ಪುಟ್ಟ ದೇಶ ಕೆಲವು ಕಣಿವೆಗಳನ್ನು ಪ್ರಕೃತಿಗೆ ಬಿಟ್ಟುಕೊಟ್ಟಿತು. ಹಣ ಕೂಡಿಸಲು ಪ್ರಕೃತಿ ರಕ್ಷಣೆಯ ಸಂಘವೊಂದು ವರ್ಷಕ್ಕೆ ಒಂದು ಫ್ರಾಂಕ್ ಚಂದಾ ಇಟ್ಟಿತು. ಹಳ್ಳಿಗಳಿಂದ ನೆಲವನ್ನು ಗೇಣಿಗೆ ಪಡೆಯಿತು. ಮರ ಕಡಿಯುವುದಿಲ್ಲ, ದನ ಮೇಯಿಸುವುದಿಲ್ಲ, ಬೇಟೆಯಿಲ್ಲ, ಸತ್ತ ಮರವನ್ನೂ ಎತ್ತುವುದಿಲ್ಲ. ಅಲ್ಲಿಗೆ ಹೋಗುವವರು ಗುರುತು ಮಾಡಿದ ದಾರಿಯನ್ನು ಬಿಟ್ಟು ಒಂದು ಹೆಜ್ಜೆ ಇಡುವಂತಿಲ್ಲ. ನಾಯಿಯನ್ನು ಹಗ್ಗ ಹಾಕಿಯೂ ತರುವಂತಿಲ್ಲ. ಹೂ ಕೀಳುವಂತಿಲ್ಲ, ಡೇರೆ ಹಾಕುವಂತಿಲ್ಲ. ಕೂರುವುದಕ್ಕೂ ಹಳದಿ ಗುರುತಿನ ಜಾಗಗಳಿವೆ. ಚಳಿಗಾಲದಲ್ಲಿ ಉದ್ಯಾನ ಪೂರ್ತಿ ಮುಚ್ಚಿರುತ್ತದೆ.

ಈ ಕಟ್ಟುಪಾಡು ಮೊದಲ ದಿನ ನನಗೆ ಬಿಗಿಯೆನಿಸಿತು. ಆದರೆ ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ವಾಲ್ ತ್ರುಪ್ಚುನ್ ಕಣಿವೆಯಲ್ಲಿ ಅದರ ಫಲ ಕಂಡೆ. ಕೆಂಪು ಜಿಂಕೆಗಳ ಬೆದೆಯ ಕಾಲ. ಕಣಿವೆಯ ಎರಡೂ ಮಗ್ಗುಲಿನಿಂದ ಗಂಡುಗಳು ಅಬ್ಬರಿಸುತ್ತಿದ್ದವು. ಆ ಸದ್ದು ನಮ್ಮ ಕಡವೆಯದಕ್ಕಿಂತ ಒರಟು, ಉದ್ದ. ಸುಮಾರು ಎಂಬತ್ತು ಜನ ಒಂದು ಹಳೆಯ ಹುಲ್ಲುಗಾವಲಿನ ಗುರುತಿನೊಳಗೆ ಕೂತಿದ್ದೆವು. ಮಕ್ಕಳಿದ್ದರು, ಕೋಲೂರಿ ಬಂದ ಮುದುಕಿಯರಿದ್ದರು. ದೂರದರ್ಶಕ ತಂದವರು ಅದನ್ನು ಅಪರಿಚಿತರಿಗೂ ಬಿಟ್ಟುಕೊಡುತ್ತಿದ್ದರು. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಎದುರಿನ ಇಳಿಜಾರಿನಲ್ಲಿ ನೂರಾರು ಜಿಂಕೆಗಳು ನಮ್ಮ ಇರವನ್ನು ಅರಿತೂ ತಮ್ಮ ಬದುಕಿನ ಅತಿ ಮುಖ್ಯ ಕೆಲಸದಲ್ಲಿ ತೊಡಗಿದ್ದವು. ಎಂಬತ್ತು ಜನ ಆ ಕಣಿವೆಯಲ್ಲಿ ಚದುರಿದ್ದರೆ ಒಂದು ಜಿಂಕೆಯೂ ಉಳಿಯುತ್ತಿರಲಿಲ್ಲ. ನನ್ನ ಪ್ರಶ್ನೆಯ ಉಳಿದರ್ಧ ಉತ್ತರ ಅಲ್ಲಿ ಸಿಕ್ಕಿತು. ನೂರು ವರ್ಷದಿಂದ ಜನ ಒಂದು ಗೆರೆಯೊಳಗೆ ಉಳಿದಿದ್ದಾರೆ. ಪ್ರಾಣಿಗಳು ಆ ಗೆರೆಯನ್ನು ನಮಗಿಂತ ಚೆನ್ನಾಗಿ ಕಲಿತಿವೆ.

ಚಳಿಗಾಲದಲ್ಲಿ ಮುಚ್ಚುವುದೇಕೆ? ಆಲ್ಪ್ಸ್‌ನ ಪ್ರಾಣಿಗೆ ಚಳಿಗಾಲವೆಂದರೆ ಉಪವಾಸದ ತಿಂಗಳುಗಳು. ಐಬೆಕ್ಸ್ ತನ್ನ ದೇಹದ ಖರ್ಚನ್ನೇ ಇಳಿಸಿಕೊಳ್ಳುತ್ತದೆ. ರಾತ್ರಿ ಮೈ ತಣ್ಣಗಾಗಲು ಬಿಟ್ಟು, ಬೆಳಗಿನ ಬಿಸಿಲು ಬೀಳುವ ಬಂಡೆಗೆ ಬಂದು ಕಾಯಿಸಿಕೊಳ್ಳುತ್ತದೆ. ಹಿಮದೊಳಗೆ ಗುಳಿ ತೋಡಿ ಅಡಗುವ ಕಪ್ಪು ಗ್ರೌಸ್ ಹಕ್ಕಿಯದೂ ಅದೇ ಲೆಕ್ಕಾಚಾರ. ಅಂಥ ಹೊತ್ತಿನಲ್ಲಿ ಒಬ್ಬ ಸ್ಕೀ ಸವಾರ ಒಮ್ಮೆ ಅವನ್ನು ಎಬ್ಬಿಸಿ ಓಡಿಸಿದರೆ, ಆ ಓಟಕ್ಕೆ ಖರ್ಚಾದದ್ದನ್ನು ತುಂಬಿಕೊಳ್ಳಲು ಮೇವಿಲ್ಲ. ಅವನಿಗೆ ತಾನು ಏನು ಮಾಡಿದೆನೆಂದು ಗೊತ್ತೂ ಆಗುವುದಿಲ್ಲ.

ನೋಟ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗಡ್ಡದ ರಣಹದ್ದಿಗಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ. ಎರಡೂವರೆ ಮೀಟರಿಗೂ ಮೀರಿ ರೆಕ್ಕೆ ಹರಡುವ ಹಕ್ಕಿ. ಜರ್ಮನ್ ಭಾಷೆಯಲ್ಲಿ ಅದರ ಹಳೆಯ ಹೆಸರಿನ ಅರ್ಥ 'ಕುರಿಮರಿಯ ರಣಹದ್ದು'. ಕುರಿಮರಿಗಳನ್ನೂ ಮಕ್ಕಳನ್ನೂ ಹೊತ್ತೊಯ್ಯುತ್ತದೆಂದು ಜನ ಹೆದರಿದ್ದರು. ಎದೆಯ ಕೆಂಪನ್ನು ರಕ್ತವೆಂದುಕೊಳ್ಳುವಷ್ಟು ಭಯ. ಅದು ಕಬ್ಬಿಣದ ಅಂಶವಿರುವ ಕೆಸರಿನಲ್ಲಿ ಮಿಂದು ಬಳಿದುಕೊಂಡ ಬಣ್ಣ. ಅದರ ಊಟದಲ್ಲಿ ಬಹುಪಾಲು ಸತ್ತ ಪ್ರಾಣಿಗಳ ಮೂಳೆ. ದೊಡ್ಡ ಮೂಳೆಯನ್ನು ಎತ್ತರಕ್ಕೊಯ್ದು ಬಂಡೆಗೆ ಬೀಳಿಸಿ ಒಡೆದು ತಿನ್ನುತ್ತದೆ. ಈ ನಿರಪರಾಧಿಯನ್ನು ಬಹುಮಾನ ಕೊಟ್ಟು ಕೊಲ್ಲಿಸಿದರು. ಆಲ್ಪ್ಸ್‌ನ ಕೊನೆಯ ಹಕ್ಕಿಯನ್ನು 1913ರಲ್ಲಿ ಆವೋಸ್ತಾ ಕಣಿವೆಯಲ್ಲಿ ಹೊಡೆದರು. ಆಮೇಲೆ 1986ರಲ್ಲಿ ಆಸ್ಟ್ರಿಯಾದ ಹೋಹೆ ಟವರ್ನ್ ಪ್ರದೇಶದಲ್ಲಿ, 1991ರಿಂದ ಸ್ವಿಸ್ ಉದ್ಯಾನದಲ್ಲಿ, ಪ್ರಾಣಿವನಗಳಲ್ಲಿ ಹುಟ್ಟಿದ ಮರಿಗಳನ್ನು ಬಂಡೆಯ ಪೊಟರೆಯಲ್ಲಿ ಇಟ್ಟು, ಮನುಷ್ಯರ ಮುಖ ಕಾಣದಂತೆ ಮೂಳೆ ಒದಗಿಸಿ ಹಾರಲು ಬಿಟ್ಟರು. ಪ್ರತಿ ಮರಿಯ ಕೆಲವು ಗರಿಗಳ ಬಣ್ಣ ತೆಗೆದು ಬಿಳಿ ಮಾಡಿದ್ದರಿಂದ, ಬೆಟ್ಟದಲ್ಲಿ ನಡೆಯುವ ಸಾಮಾನ್ಯರು ಕೂಡ ಹಾರುವ ಹಕ್ಕಿಯ ಗುರುತು ಹಿಡಿದು ತಿಳಿಸಬಹುದಾಯಿತು. 1997ರಲ್ಲಿ ಫ್ರೆಂಚ್ ಆಲ್ಪ್ಸ್‌ನಲ್ಲಿ ಕಾಡಿನ ಗೂಡಿನಲ್ಲಿ ಮೊದಲ ಮರಿ ಹೊರಬಂತು. ಗ್ರಾನ್ ಪಾರಾದೀಸೊಗೂ ಅವು ಮರಳಿವೆ. ಒಂದು ಕಾಲದಲ್ಲಿ ಆಕಾಶ ನೋಡಿ ಬಂದೂಕು ಎತ್ತಿದವರ ಮೊಮ್ಮಕ್ಕಳು ಇಂದು ಅದೇ ಆಕಾಶ ನೋಡಿ ಗರಿಯ ಗುರುತು ಬರೆದುಕೊಳ್ಳುತ್ತಾರೆ. ಇದೇ ಹಕ್ಕಿ ನಮ್ಮ ಹಿಮಾಲಯದಲ್ಲೂ ಇದೆ.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳಿ ತಮ್ಮನ್ನು ದಾರಿ ತಪ್ಪಿಸಲಾರೆ. ಗ್ರಾನ್ ಪಾರಾದೀಸೊದ ಕಾವಲುಗಾರರು 1956ರಿಂದ ಪ್ರತಿ ವರ್ಷ ಐಬೆಕ್ಸ್‌ಗಳನ್ನು ನಡೆದು, ಕಣ್ಣಿನಿಂದ ನೋಡಿ ಎಣಿಸುತ್ತಿದ್ದಾರೆ. 1990ರ ದಶಕದ ಆರಂಭದಲ್ಲಿ ಸುಮಾರು 5,000ಕ್ಕೆ ಏರಿದ್ದ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಮರಿಗಳು ಮೊದಲ ಚಳಿಗಾಲ ದಾಟುವುದು ಕಡಿಮೆಯಾಯಿತು. ಬೆಟ್ಟದ ಹುಲ್ಲು ಈಗ ಬೇಗ, ಒಮ್ಮೆಲೇ ಬೆಳೆದು ಬಲಿಯುತ್ತದೆ. ತಾಯಿ, ಮರಿಗಳಿಗೆ ಎಳೆಹುಲ್ಲು ಸಿಗುವ ದಿನಗಳು ಕುಗ್ಗುತ್ತವೆ. ಇದು ಕುಸಿತದ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ. ಗ್ರಾನ್ ಪಾರಾದೀಸೊ ಮತ್ತು ಸ್ವಿಸ್ ಉದ್ಯಾನಗಳ ಐಬೆಕ್ಸ್‌ಗಳಿಗೆ ಜಿಪಿಎಸ್ ಕೊರಳಪಟ್ಟಿ ಹಾಕಿ ನೋಡಿದಾಗ, ಬಿಸಿ ಹೆಚ್ಚಿದ ದಿನಗಳಲ್ಲಿ ಅವು ರಾತ್ರಿ ಹೆಚ್ಚು ಓಡಾಡುವುದು ಕಂಡುಬಂತು. ಹಗಲಿನ ಪ್ರಾಣಿ ಕತ್ತಲಿಗೆ ಸರಿಯುತ್ತಿದೆ. ಈ ಬೆಟ್ಟಗಳಿಗೆ ಮರಳಿ ಬಂದಿರುವ ತೋಳವೂ ಆ ಕತ್ತಲಲ್ಲೇ ಇದೆ. ನಾವು ದಾರಿ ಬಿಡದೆ ನಡೆದರೂ, ಊರಿನಲ್ಲಿ ನಾವು ಉರಿಸಿದ ಇಂಧನ ಆ ಬೆಟ್ಟವನ್ನು ಮುಟ್ಟಿದೆ.

ಕೊನೆಯದಾಗಿ ನಮ್ಮ ಮನೆಯ ಮಾತು.

ಬಂಡೀಪುರವೂ ಗ್ರಾನ್ ಪಾರಾದೀಸೊದಂತೆ ಒಬ್ಬ ರಾಜನ ಬೇಟೆಯ ಕಾಡಾಗಿತ್ತು. ಮೈಸೂರು ಒಡೆಯರ ಕಾಲದಲ್ಲಿ, 1941ರಲ್ಲಿ, ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಆನೆ, ಹುಲಿಯ ಕಾಡಿನಲ್ಲಿ ಆಲ್ಪ್ಸ್‌ನಂತೆ ಕಾಲ್ನಡಿಗೆಯಲ್ಲಿ ತಿರುಗಲಾಗದು, ವಾಹನ ಬೇಕು. ಅದನ್ನು ನಾನು ಬಲ್ಲೆ. ಆದರೆ ವಾಹನಕ್ಕೂ ಅಂತರವಿದೆ. ಸಫಾರಿಯ ಗೇಟಿನಲ್ಲಿ ಒಳಗಿನಿಂದ ಬರುವವರನ್ನು ಹೊರಗಿನವರು ಕೇಳುವುದು ಒಂದೇ ಪ್ರಶ್ನೆ, "ಹುಲಿ ಕಾಣಿಸ್ತಾ?" ಕಾಣಿಸಿದ ಸುದ್ದಿ ಹಬ್ಬಿದೊಡನೆ ಒಂದರ ಹಿಂದೊಂದು ಜೀಪು ಧಾವಿಸುವುದನ್ನು, ದಾಟಲು ಬಂದ ಹುಲಿ ಎರಡು ವಾಹನಗಳ ನಡುವೆ ದಾರಿ ಸಿಗದೆ ಹಿಂದಿರುಗುವುದನ್ನು ನಾನು ಕಂಡಿದ್ದೇನೆ.

ನಮಗೆ ಬೇರೆ ರೀತಿ ಗೊತ್ತಿಲ್ಲವೆಂದಲ್ಲ. ಪಶ್ಚಿಮಘಟ್ಟದಲ್ಲೇ, ಮೂನಾರಿನ ಬಳಿ ಎರವಿಕುಲಂ ಉದ್ಯಾನದ ರಾಜಮಲೆಯಲ್ಲಿ, ತಮಿಳರು ವರೆಯಾಡು ಎನ್ನುವ ನೀಲಗಿರಿ ತಾರ್ ಇದೆ. ಅದೂ ಒಂದು ಕಾಲದಲ್ಲಿ ಚಹಾ ತೋಟದ ದೊರೆಗಳ ಬೇಟೆಯ ಬೆಟ್ಟ. ಇಂದು ಜನ ರಸ್ತೆಯಲ್ಲೇ ನಡೆಯುತ್ತಾರೆ, ಪ್ರಾಣಿ ಪಕ್ಕದಲ್ಲೇ ಮೇಯುತ್ತದೆ. ಮರಿ ಹಾಕುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ. ಇಲ್ಲಿರುವ ವಿದ್ಯಾರ್ಥಿಗಳು ಆಲ್ಪ್ಸ್‌ವರೆಗೆ ಹೋಗಬೇಕಿಲ್ಲ, ಒಮ್ಮೆ ರಾಜಮಲೆಗೆ ಹೋಗಿ ನೋಡಿ.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಸಲ ಬ‍ಂಡೀಪುರಕ್ಕೋ ನಾಗರಹೊಳೆಗೋ ಹೋದಾಗ, ಎದುರಿಗೆ ಪ್ರಾಣಿ ಕಂಡು ಚಾಲಕ ಗಾಡಿಯನ್ನು ಇನ್ನಷ್ಟು ಹತ್ತಿರ ಒಯ್ಯಲು ಹೊರಟರೆ, "ಸಾಕಪ್ಪ, ಇಲ್ಲೇ ನಿಲ್ಲಿಸು, ಎಂಜಿನ್ ಆಫ್ ಮಾಡು" ಎಂದು ಹೇಳಿ. ಹತ್ತಿರ ಒಯ್ದರೆ ನಾವು ಸಂತೋಷಪಡುತ್ತೇವೆ ಎಂದು ತಿಳಿದೇ ಅವನು ಒಯ್ಯುವುದು. ಹುಲಿಗಾಗಿ ಕಾಯದೆ, ಎದುರಿಗಿರುವ ಜಿಂಕೆಯನ್ನೇ ಇಪ್ಪತ್ತು ನಿಮಿಷ ನೋಡಿ. ಅದು ತಲೆ ಎತ್ತಿ ತಮ್ಮನ್ನು ಕಂಡು, ಮತ್ತೆ ಹುಲ್ಲಿಗೆ ಬಾಯಿ ಹಾಕುವವರೆಗೆ ಕಾಯಿರಿ.